ಹೇಯ್ನ್ ಸಾಹೇಬನ ಹುಳಿ ಎಲೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಹೈದರ್ ಅಲಿ ಹಾಕಿಸಿದ, ಟಿಪ್ಪು ದೂರದೇಶಗಳ ಗಿಡ ತರಿಸಿ ಬೆಳೆಸಿದ ಬೆಂಗಳೂರಿನ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಗೆದ್ದವರು ಕೋಟೆ ಕೊತ್ತಲಗಳ ಜೊತೆಗೆ ಗಿಡಮರಗಳ ಲೆಕ್ಕವನ್ನೂ ಹಿಡಿದರು. ಮರುವರ್ಷ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಗೆ ಹೊರಟಾಗ, ವೈದ್ಯನಾಗಿಯೂ ಸಸ್ಯತಜ್ಞನಾಗಿಯೂ ಅವನ ಜೊತೆಗೂಡಿದವನು ಬೆಂಜಮಿನ್ ಹೇಯ್ನ್. ಲಾಲ್‌ಬಾಗಿನ ಉಸ್ತುವಾರಿಯೂ ಅವನಿಗೇ ಬಂತು. ಮೊರಾವಿಯನ್ ಎಂಬ ಕ್ರೈಸ್ತ ಪಂಥದವರೊಡನೆ ತರಂಗಂಬಾಡಿಗೆ ಬಂದಿಳಿದಿದ್ದ ಈ ಜರ್ಮನ್, ಕಾಲಕ್ರಮದಲ್ಲಿ ಕಂಪನಿಯ ಚಾಕರಿಗೆ ಸೇರಿದವನು.

ಆ ಕಾಲದ ಯುರೋಪಿನಲ್ಲಿ ಎಲೆಯ ಕೆಲಸವೇನೆಂಬ ಚರ್ಚೆ ಬಿಸಿಯಾಗಿತ್ತು. ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ 1779ರ ಬೇಸಿಗೆಯಲ್ಲಿ ಲಂಡನ್ನಿನ ಹೊರವಲಯದ ಮನೆಯೊಂದರಲ್ಲಿ ಕುಳಿತು, ನೀರಲ್ಲಿ ಮುಳುಗಿಸಿದ ಎಲೆಗಳನ್ನು ಬಿಸಿಲಿಗಿಟ್ಟು ನೋಡಿದ. ಬೆಳಕಿದ್ದಷ್ಟು ಹೊತ್ತು ಎಲೆಯಿಂದ ಗುಳ್ಳೆ ಏಳುತ್ತಿತ್ತು, ಕತ್ತಲಾದರೆ ನಿಲ್ಲುತ್ತಿತ್ತು. ಆ ಗುಳ್ಳೆ ಆಮ್ಲಜನಕ. 1804ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್, ಪಾಪಾಸುಕಳ್ಳಿ ಕತ್ತಲಲ್ಲಿಯೂ ಇಂಗಾಲದ ಡೈಆಕ್ಸೈಡನ್ನು ಹೀರುವುದನ್ನು ಗುರುತಿಸಿದ. ಯಾಕೆಂದು ಆಗ ಯಾರಿಗೂ ತಿಳಿಯಲಿಲ್ಲ.

ಹೇಯ್ನ್ ಬಳಿ ಇದ್ದ ಉಪಕರಣ ಅವನ ನಾಲಿಗೆ. 1813ರಲ್ಲಿ ಅವನು ಲಂಡನ್ನಿನ ಲಿನಿಯನ್ ಸೊಸೈಟಿಯ ಸಸ್ಯತಜ್ಞ ಲ್ಯಾಂಬರ್ಟನಿಗೆ ಒಂದು ಪತ್ರ ಬರೆದ. ನಾವು ಕಾಡುಬಸಳೆ ಎನ್ನುವ, ಮಡಗಾಸ್ಕರ್ ಮೂಲದ ಗಿಡದ ಎಲೆಯನ್ನು ಇಂಡಿಯಾದಲ್ಲಿ ಅಗಿದು ನೋಡಿದ ಬಗೆ ಅದರಲ್ಲಿದೆ. ಬೆಳಗ್ಗೆ ಅದು ಹುಳಿಸೊಪ್ಪಿನಷ್ಟೇ ಹುಳಿ. ಹೊತ್ತೇರಿದಂತೆ ಹುಳಿ ಇಳಿದು, ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಗೆ ಕೊಂಚ ಕಹಿ. ಲಾಲ್‌ಬಾಗಿನದೇ ಎಲೆ ಎಂದು ಹೆಮ್ಮೆಪಡುವ ಆತುರ ಬೇಡ, ಅದು ಯಾವ ಊರಿನದೋ ಖಚಿತವಿಲ್ಲ. ಪತ್ರ 1815ರಲ್ಲಿ ಅಚ್ಚಾದದ್ದಂತೂ ನಿಜ. ರಾತ್ರಿ ಎಲೆ ಆಮ್ಲಜನಕ ಹೀರುತ್ತದೆ, ಬೆಳಕು ಅದನ್ನು ಹೊರದೂಡುತ್ತದೆ ಎಂದು ಹೇಯ್ನ್ ವಿವರಿಸಿದ. ವಿವರಣೆ ತಪ್ಪಾಗಿತ್ತು. ರುಚಿಯ ವರದಿ ಮಾತ್ರ ಅಕ್ಷರಶಃ ಸರಿ.

ಈ ಹುಳಿಯ ಪೂರ್ತಿ ಲೆಕ್ಕ ಬಿಡಿಸಲು 20ನೇ ಶತಮಾನವೇ ಬೇಕಾಯಿತು. ಎಲೆಯ ಸೂಕ್ಷ್ಮ ರಂಧ್ರಗಳು ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ನೀರು ಆವಿಯಾಗಿ ಹೊರಹೋಗುತ್ತದೆ. ಒಂದು ಬೇಕಾದರೆ ಇನ್ನೊಂದನ್ನು ಕಳೆದುಕೊಳ್ಳಲೇಬೇಕು. ಹೆಚ್ಚಿನ ಗಿಡಗಳು ಹಗಲಲ್ಲೇ ಈ ವ್ಯಾಪಾರ ಮಾಡುತ್ತವೆ. ಒಣನೆಲದ ಗಿಡಕ್ಕೆ ಅದು ದುಬಾರಿ. ಆದ್ದರಿಂದ ಕಾಡುಬಸಳೆ ತಂಪು ಹೊತ್ತಿನಲ್ಲಿ, ರಾತ್ರಿ, ರಂಧ್ರ ತೆರೆಯುತ್ತದೆ. ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿಸಿ ದಪ್ಪ ಎಲೆಯ ಜೀವಕೋಶಗಳಲ್ಲಿ ಕೂಡಿಡುತ್ತದೆ. ಬೆಳಗಿನ ಹುಳಿ ಅದೇ. ಬಿಸಿಲೇರಿದ ಮೇಲೆ ಬಾಗಿಲು ಮುಚ್ಚಿಕೊಂಡು, ಆಮ್ಲವನ್ನು ಒಡೆದು, ಬಿಡುಗಡೆಯಾದ ಅನಿಲದಿಂದ ಒಳಗೊಳಗೇ ಸಕ್ಕರೆ ತಯಾರಿಸುತ್ತದೆ. ಕತ್ತಾಳೆ, ಅನಾನಸ್ ಬಾಳುವುದೂ ಈ ಉಪಾಯದಿಂದಲೇ. ವಿಜ್ಞಾನಿಗಳು ಈ ಕ್ರಮಕ್ಕೆ ಕಾಡುಬಸಳೆಯ ಕುಟುಂಬವಾದ ಕ್ರಾಸುಲೇಸಿಯ ಹೆಸರನ್ನೇ ಇಟ್ಟರು. ಹೇಯ್ನ್ ಅದಕ್ಕೂ ಬಹಳ ಮೊದಲೇ, 1819ರಲ್ಲಿ, ಮದರಾಸಿನಲ್ಲಿ ತೀರಿಕೊಂಡಿದ್ದ.

ಪರೀಕ್ಷಿಸುವ ಆಸೆಯಾದವರು ಸಾಹೇಬನಂತೆ ಎಲೆ ಅಗಿಯಬಾರದು, ಅದರಲ್ಲಿ ಹೃದಯಕ್ಕೆ ಕೇಡು ಮಾಡುವ ಅಂಶಗಳಿವೆ. ಬೆಳಗ್ಗೆ ಒಂದು, ಸಂಜೆ ಒಂದು ಎಲೆ ಅರೆದು, ಶಾಲೆಯ ಪ್ರಯೋಗಾಲಯದ ಪಿಎಚ್ ಕಾಗದವನ್ನು ರಸಕ್ಕೆ ಅದ್ದಿ ನೋಡಿ.