ಏಗ್-ಮೋರ್ತ್: ಬಂದರು, ಸೆರೆಮನೆ ಮತ್ತು ಉಪ್ಪಿನ ಚರಿತ್ರೆ

ದಕ್ಷಿಣ ಫ್ರಾನ್ಸಿನಲ್ಲಿ, ರೋನ್ ನದಿಯ ಮುಖಜಭೂಮಿಯ ಪಶ್ಚಿಮದಂಚಿನ ಜೌಗು ನೆಲದಲ್ಲಿ ಏಗ್-ಮೋರ್ತ್ ಎಂಬ ಪುಟ್ಟ ಕೋಟೆಪಟ್ಟಣವಿದೆ. ಹಿಂದೆ ಮೆಡಿಟರೇನಿಯನ್ ಅಲೆಗಳು ಇದರ ಗೋಡೆಗೇ ಬಡಿಯುತ್ತಿದ್ದವು, ಮುಂದೆ ಸಮುದ್ರ ಹಿಂದೆ ಸರಿದು ಊರು ಸೊರಗಿತು ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಆದರೆ 13ನೆಯ ಶತಮಾನದಲ್ಲೂ ಕಡಲು ಗೋಡೆಯಿಂದ ದೂರದಲ್ಲೇ ಇತ್ತು. ಹಿನ್ನೀರು ಮತ್ತು ಕಾಲುವೆಗಳೇ ಊರಿಗೆ ಜಲಮಾರ್ಗವಾಗಿದ್ದವು. ಆದ್ದರಿಂದ ಈ ಊರಿನ ಏಳುಬೀಳಿಗೆ ಕಾರಣವನ್ನು ರಾಜ್ಯಗಳ ಗಡಿ ಮತ್ತು ಕಾಲುವೆಗಳ ಹೂಳಿನಲ್ಲಿ ಹುಡುಕಬೇಕು.

1240ರ ಸುಮಾರಿಗೆ ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಗೆ ಮೆಡಿಟರೇನಿಯನ್ ತೀರದಲ್ಲಿ ಸ್ವಂತ ಬಂದರು ಇರಲಿಲ್ಲ. ಮಾರ್ಸೇ ಆಗಿನ್ನೂ ಫ್ರೆಂಚ್ ದೊರೆಯ ವಶವಾಗದ ಪ್ರೊವಾನ್ಸ್ ಪ್ರಾಂತ್ಯದಲ್ಲಿತ್ತು, ಮಾಂಪೆಲಿಯೆ ಅರಗಾನ್ ದೊರೆಯ ಕೈಯಲ್ಲಿತ್ತು. ಹಾಗಾಗಿ ಸಾಲ್ಮೋಡಿ ಮಠದ ಸನ್ಯಾಸಿಗಳಿಂದ ಈ ಜೌಗು ಭೂಮಿಯನ್ನು ಪಡೆದು ದೊರೆ ಊರು ಕಟ್ಟಿಸಿದ. ಬಂದು ನೆಲೆಸುವವರಿಗೆ 1246ರ ಸನ್ನದಿನಲ್ಲಿ ತೆರಿಗೆ ವಿನಾಯಿತಿಗಳನ್ನು ನೀಡಿದ. 1248ರಲ್ಲಿ ಏಳನೆಯ ಧರ್ಮಯುದ್ಧಕ್ಕೂ 1270ರಲ್ಲಿ ಎಂಟನೆಯದಕ್ಕೂ ಅವನು ಹೊರಟದ್ದು ಇಲ್ಲಿಂದಲೇ. ಎರಡನೆಯ ಸಲ ಅವನು ಮರಳಲಿಲ್ಲ. ಟ್ಯುನಿಸ್ ಬಳಿ ತೀರಿಕೊಂಡ. ಸುಮಾರು 1.6 ಕಿ.ಮೀ. ಉದ್ದದ ಕೋಟೆಗೋಡೆಯ ಕೆಲಸವನ್ನು 1272ರಲ್ಲಿ ಅವನ ಮಗ ಮೂರನೆಯ ಫಿಲಿಪ್ ಆರಂಭಿಸಿದ.

ಜಲಮಾರ್ಗಗಳಲ್ಲಿ ಹೂಳು ತುಂಬುತ್ತಲೇ ಇತ್ತು. 1481ರಲ್ಲಿ ಪ್ರೊವಾನ್ಸ್ ಜೊತೆಗೆ ಮಾರ್ಸೇಯೂ ಫ್ರೆಂಚ್ ದೊರೆಯ ವಶವಾದ ಮೇಲೆ, ಇಷ್ಟು ಶ್ರಮಪಟ್ಟು ಈ ಬಂದರನ್ನು ಉಳಿಸಿಕೊಳ್ಳುವ ಅಗತ್ಯವೇ ಇಲ್ಲವಾಯಿತು.

ಬಂದರು ಹಿನ್ನೆಲೆಗೆ ಸರಿದರೂ ಕಾನ್‌ಸ್ಟಾನ್ಸ್ ಗೋಪುರಕ್ಕೆ ಕೆಲಸವಿತ್ತು. ಲೂಯಿ ಕಟ್ಟಿಸಿದ ಈ ದುಂಡು ಗೋಪುರದ ಗೋಡೆ ಸುಮಾರು 6 ಮೀಟರ್ ದಪ್ಪ. ಪ್ರೊಟೆಸ್ಟೆಂಟರಿಗೆ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿದ್ದ ನಾಂಟ್ ಶಾಸನ 1685ರಲ್ಲಿ ರದ್ದಾದ ನಂತರ ಅವರನ್ನು ಇಲ್ಲಿ ಕೂಡಿಹಾಕಲಾಯಿತು. 1705ರಲ್ಲಿ ಪ್ರೊಟೆಸ್ಟೆಂಟ್ ಬಂಡಾಯಗಾರ ಅಬ್ರಹಾಂ ಮಾಜೆಲ್ ಸಂಗಡಿಗರೊಂದಿಗೆ ಇಲ್ಲಿಂದ ತಪ್ಪಿಸಿಕೊಂಡ. ಮುಂದೆ ಇದು ಹೆಂಗಸರ ಸೆರೆಮನೆಯಾಯಿತು. 1730ರಲ್ಲಿ ಒಳಗೆ ಹೋದ ಮಾರಿ ಡ್ಯುರಾಂಗೆ ಬಿಡುಗಡೆ ಸಿಕ್ಕಿದ್ದು 1768ರಲ್ಲಿ. ಮೇಲಿನ ಕೋಣೆಯ ನೆಲದ ನಡುವಣ ಕಿಂಡಿಗೆ ಕಲ್ಲಿನ ಕಟ್ಟೆಯಿದೆ. ಅದರಲ್ಲಿ ‘ಪ್ರತಿರೋಧಿಸು’ ಎಂಬರ್ಥದ ಒಂದೇ ಪದವನ್ನು ಕೊರೆಯಲಾಗಿದೆ. ಕೊರೆದವಳು ಮಾರಿಯೇ ಎಂಬುದು ಪರಂಪರೆಯ ನಂಬಿಕೆ. ತನ್ನ ಮತವನ್ನು ತೊರೆಯುತ್ತೇನೆಂದು ಒಂದು ಮಾತು ಹೇಳಿದ್ದರೆ ಆಕೆ ಬಿಡುಗಡೆಯಾಗಬಹುದಿತ್ತು. ಆಕೆ ಹೇಳಲಿಲ್ಲ.

ಊರಿಗೆ ಕಡೆಯವರೆಗೂ ಅನ್ನ ಕೊಟ್ಟದ್ದು ಉಪ್ಪು. ಸಮುದ್ರದ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸಿ, ಬಿಸಿಲು ಗಾಳಿಗೆ ಇಂಗಿಸಿ, ಬೇಸಿಗೆಯ ಕೊನೆಯಲ್ಲಿ ಉಪ್ಪು ಎತ್ತುತ್ತಾರೆ. ನೀರು ಗಟ್ಟಿಯಾದಂತೆ ಡುನಾಲಿಯೆಲ್ಲಾ ಪಾಚಿಯಿಂದ ಪಾತಿಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. 19ನೆಯ ಶತಮಾನದಲ್ಲಿ ಈ ಸುಗ್ಗಿಗೆ ಫ್ರೆಂಚರೂ ಇಟಲಿಯವರೂ ಕೂಲಿಗೆ ಬರುತ್ತಿದ್ದರು. 1893ರ ಆಗಸ್ಟ್ 16ರಂದು ಅವರ ನಡುವೆ ಜಗಳ ಹತ್ತಿತು. ಇಟಲಿಯವರು ಊರಿನವರನ್ನು ಕೊಂದರೆಂಬ ಸುಳ್ಳು ಸುದ್ದಿ ಹಬ್ಬಿತು. ಮರುದಿನ ಪೊಲೀಸರ ಕಾವಲಿನಲ್ಲಿ ಹೋಗುತ್ತಿದ್ದ ಇಟಾಲಿಯನ್ ಕೂಲಿಗಳ ಮೇಲೆ ಗುಂಪು ಎರಗಿತು. ಕನಿಷ್ಠ 8 ಜನ ಸತ್ತರು. ಅದೇ ವರ್ಷದ ಕೊನೆಯಲ್ಲಿ ಆಂಗುಲೆಮ್ ನ್ಯಾಯಾಲಯದ ಜ್ಯೂರಿ ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿತು.

ಏಗ್-ಮೋರ್ತ್ ಚರಿತ್ರೆಯನ್ನು ಒಂಬತ್ತನೆಯ ಲೂಯಿಯ ಹಡಗುಗಳಿಗಷ್ಟೇ ಸೀಮಿತಗೊಳಿಸಿದರೆ ಅದು ಅರ್ಧ ಚರಿತ್ರೆ. ಬಂದರನ್ನು ಬೆಳೆಸಿದ ರಾಜಕಾರಣವೇ ಅದನ್ನು ಕೈಬಿಟ್ಟಿತು. ಆಮೇಲಿನ ಶತಮಾನಗಳ ಕಥೆ ಸೆರೆಯಾಳುಗಳದು, ಉಪ್ಪಿನ ಕೂಲಿಗಳದು. ಅವರಿಗೆ ದೊರೆಯಷ್ಟೇ ಸ್ಥಾನ ಕೊಟ್ಟಾಗ ಮಾತ್ರ ಈ ಊರಿನ ಚರಿತ್ರೆ ಪೂರ್ಣವಾಗುತ್ತದೆ.