ಶಾಲೆಯಲ್ಲಿ ಬಿಸಿಯೂಟ ನಿಂತ್ರೆ ಭತ್ಯೆ ಕೊಡಲೇಬೇಕು: ಪೋಷಕರಿಗೆ ಗೊತ್ತಿರಬೇಕಾದ ನಿಯಮಗಳಿವು

ಸರ್ಕಾರಿ ಶಾಲೆಯಲ್ಲಿ ಒಂದೆರಡು ದಿನ ಬಿಸಿಯೂಟ ಇಲ್ಲ ಅಂದ್ರೆ ‘ರೇಷನ್ ಬಂದಿಲ್ಲವಂತೆ’ ಎಂದು ಪೋಷಕರು ಡಬ್ಬಿ ಕಟ್ಟಿ ಕಳಿಸಿ ಸುಮ್ಮನಾಗ್ತಾರೆ. ಆದರೆ ಈ ಊಟ ಕಾನೂನು ಕೊಟ್ಟ ಹಕ್ಕು. ಊಟದ ಜೊತೆಗೆ ತಪಾಸಣೆ, ಮಾತ್ರೆ, ಶೌಚಾಲಯಕ್ಕೂ ನಿಯಮಗಳಿವೆ.

ಬಿಸಿಯೂಟ ಯಾರಿಗೆ, ಎಷ್ಟು?

ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಗಿದ್ದು 2002ರಲ್ಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಸರ್ಕಾರಿ, ಅನುದಾನಿತ ಶಾಲೆಗಳ 8ನೇ ತರಗತಿವರೆಗಿನ ಮಕ್ಕಳಿಗೆ ಶಾಲಾ ದಿನಗಳಲ್ಲಿ ಉಚಿತ ಊಟವನ್ನು ಹಕ್ಕಾಗಿಸಿತು. 9 ಮತ್ತು 10ನೇ ತರಗತಿಗೆ ರಾಜ್ಯ ಸರ್ಕಾರವೇ ಊಟ ಕೊಡುತ್ತಿದೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ನೇ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ ನಿಗದಿಯಾಗಿದೆ. ಬಡಿಸುವ ಮುನ್ನ ಒಬ್ಬ ಶಿಕ್ಷಕರಾದರೂ ರುಚಿ ನೋಡಲೇಬೇಕು.

2013ರಲ್ಲಿ ಕ್ಷೀರಭಾಗ್ಯ ಬಂತು. ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವುದನ್ನು 2024ರಲ್ಲಿ ವಾರಕ್ಕೆ ಆರು ದಿನಕ್ಕೆ ಹೆಚ್ಚಿಸಲಾಯಿತು.

ಊಟ ನಿಂತರೆ?

2015ರ ಮಧ್ಯಾಹ್ನದ ಊಟದ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ.

- ರೇಷನ್, ಹಣ ತಾತ್ಕಾಲಿಕವಾಗಿ ಇಲ್ಲದಿದ್ದರೆ ಮುಖ್ಯ ಶಿಕ್ಷಕರು ಶಾಲೆಯಲ್ಲಿರುವ ಬೇರೆ ನಿಧಿ ಬಳಸಿ ಅಡುಗೆ ಮಾಡಿಸಬಹುದು.
- ಆದರೂ ಊಟ ಕೊಡದಿದ್ದರೆ ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಆಹಾರ ಭದ್ರತಾ ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಮಗುವಿಗೆ ಕೊಡಬೇಕು.
- ಸತತ 3 ಶಾಲಾ ದಿನ ಅಥವಾ ತಿಂಗಳಲ್ಲಿ 5 ದಿನ ಊಟ ಇಲ್ಲದಿದ್ದರೆ ಯಾರು ಹೊಣೆ ಅನ್ನೋದನ್ನ ಸರ್ಕಾರ ನಿಗದಿ ಮಾಡಬೇಕು.

ಊಟ ಇದ್ದೂ ಮಗು ತಾನಾಗಿಯೇ ತಿನ್ನದಿದ್ದರೆ ಭತ್ಯೆ ಸಿಗಲ್ಲ.

ತಪಾಸಣೆ, ಮಾತ್ರೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (ಆರ್‌ಬಿಎಸ್‌ಕೆ) ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡಬೇಕು. ಹೃದಯದ ತೊಂದರೆ, ಸೀಳುತುಟಿ, ಕಿವಿ ಕೇಳದಿರುವುದು ಇಂಥವು ಕಂಡುಬಂದರೆ ಶಸ್ತ್ರಚಿಕಿತ್ಸೆ ಸೇರಿ ಮುಂದಿನ ಚಿಕಿತ್ಸೆ ಉಚಿತ. ಹಾಗಾಗಿ ತಂಡ ಕೊಟ್ಟ ರೆಫರಲ್ ಚೀಟಿ ಕಳೆಯಬೇಡಿ.

ರಕ್ತಹೀನತೆ ತಡೆಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡಲಾಗುತ್ತೆ. ಇದನ್ನು ಊಟದ ನಂತರವೇ ತಗೋಬೇಕು. ಜಂತುಹುಳು ಮಾತ್ರೆಯನ್ನು ಚೀಪಿ ಅಥವಾ ಅಗಿದು ನುಂಗಬೇಕು.

ಶಾಲೆ ಒಳಗೆ, ಹೊರಗೆ

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಹುಡುಗರಿಗೆ, ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ಶುದ್ಧ ನೀರು ಕಡ್ಡಾಯ. ಮಕ್ಕಳನ್ನು ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಕಿರುಕುಳ ಕೊಡುವುದೂ ನಿಷಿದ್ಧ. ಶಾಲೆಯ 100 ಗಜದೊಳಗೆ ಬೀಡಿ, ಸಿಗರೇಟ್, ಗುಟ್ಕಾ ಮಾರುವಂತಿಲ್ಲ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಮಾರಾಟಕ್ಕೆ 50 ಮೀಟರ್‌ವರೆಗೆ ನಿರ್ಬಂಧವಿದೆ.

ಎಲ್ಲಿ ಕೇಳಬೇಕು?

ಮೊದಲು ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಬಳಿ ಕೇಳಿ. ಅಲ್ಲಿ ಆಗದಿದ್ದರೆ ಊಟದ ವಿಷಯಕ್ಕೆ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ, ಉಳಿದದ್ದಕ್ಕೆ ಬಿಇಒ ಕಚೇರಿಗೆ ಅರ್ಜಿ ಕೊಡಿ. ಹೊಡೆತ, ಕಿರುಕುಳಕ್ಕೆ ಮಕ್ಕಳ ಸಹಾಯವಾಣಿ 1098. ಅರ್ಜಿಯಲ್ಲಿ ಊಟ ಇಲ್ಲದ ದಿನಾಂಕಗಳನ್ನು ಬರೆದು, ಸ್ವೀಕೃತಿ ಪಡೆದುಕೊಳ್ಳಿ. ದಿನಾಂಕ ಇಲ್ಲದಿದ್ದರೆ ಭತ್ಯೆ ಲೆಕ್ಕ ಹಾಕೋದು ಕಷ್ಟ.