ಬ್ಯಾಡಗಿ ಮೆಣಸಿನಕಾಯಿ

ಬ್ಯಾಡಗಿ ಮೆಣಸಿನಕಾಯಿ: ಕಡುಗೆಂಪು ಬಣ್ಣಕ್ಕೂ ಹದವಾದ ಖಾರಕ್ಕೂ ಹೆಸರಾದ ಒಣಮೆಣಸಿನಕಾಯಿ ತಳಿ. ಹೆಸರು ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ್ದು. ಬೆಳೆ ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಎರೆಭೂಮಿಯದು, ಬಹುಮಟ್ಟಿಗೆ ಮಳೆಯಾಶ್ರಿತ. ಕಡ್ಡಿ, ದಬ್ಬಿ ಎಂದು ಎರಡು ಬಗೆ. ಕಡ್ಡಿ ನೀಳ, ತೆಳು, ಬೀಜ ಕಡಿಮೆ. ಒಣಗಿದಾಗ ತೊಟ್ಟಿನಿಂದ ತುದಿಯವರೆಗೂ ನಿರಿಗೆಗಟ್ಟುತ್ತದೆ. ದಬ್ಬಿ ಗಿಡ್ಡ, ದುಂಡು. ಬಣ್ಣ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳಿಂದ ಬರುತ್ತದೆ. ಖಾರ ಕೊಡುವ ಕ್ಯಾಪ್ಸೈಸಿನ್ ಅಂಶ ಗುಂಟೂರು ಮೆಣಸಿನಕಾಯಿಗಿಂತ ಕಡಿಮೆ. ಸಾರಿನ ಪುಡಿ, ಬಿಸಿಬೇಳೆಬಾತ್, ಕುಂದಾಪುರದ ಕೋಳಿ ಘೀ ರೋಸ್ಟ್‌ಗಳ ಕೆಂಪು ಇದರದೇ. ಕಾಯಿಯಿಂದ ತೆಗೆದ ಓಲಿಯೋರೆಸಿನ್ ಆಹಾರದ ಬಣ್ಣಕ್ಕೂ ತುಟಿರಂಗು, ಉಗುರುಬಣ್ಣಗಳಿಗೂ ಬಳಕೆಯಲ್ಲಿದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬ್ಯಾಡಗಿ ಎಪಿಎಂಸಿ ದೇಶದ ಪ್ರಮುಖ ಮೆಣಸಿನಕಾಯಿ ಮಾರುಕಟ್ಟೆಗಳಲ್ಲೊಂದು.